ವೈನ್ ಮುಟ್ಟದ ಅಪ್ಪ-ಅಮ್ಮನ ಜೊತೆ ಸಾಂಟಾ ಇನೆಜ್ ಕಣಿವೆ ಮತ್ತು ಸೋಲ್ವಾಂಗ್: ಹೋಗಿ ಬಂದೆವು, ವರದಿ ಇಲ್ಲಿದೆ

ಪಡುವಣಗಾಳಿ (ಅರ್ವೈನ್)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇಲ್ಲೇ ಕೇಳಿದ್ದೆ, ತಿಪಟೂರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ಎರಡು ದಿನಕ್ಕೆ ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ. ಅರ್ಧ ಜನ ಇಲ್ಲೇ ಕ್ಯಾಲಿಫೋರ್ನಿಯಾದ ಸಾಂಟಾ ಇನೆಜ್ ಕಣಿವೆ ಅಂದಿರಿ. ಉಳಿದರ್ಧ ಜನ ಕಾಫಿ ಬಿಟ್ಟು ಬೇರೆ ಏನೂ ಕುಡಿಯದವರನ್ನು ವೈನ್ ಸೀಮೆಗೆ ಕರೆದುಕೊಂಡು ಹೋಗ್ತೀರಾ ಅಂತ ನಕ್ಕಿರಿ. ಹೋಗಿ ಬಂದೆವು. ಮಾತು ಕೊಟ್ಟ ಹಾಗೆ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದಿ.

ಬೆಳಿಗ್ಗೆ ಆರಕ್ಕೆ ಹೊರಟೆವು. 101 ಹೆದ್ದಾರಿ ಹಿಡಿದರೆ ಸಾಂಟಾ ಬಾರ್ಬರಾ ದಾಟಿದ ಮೇಲೆ ಎಡಗಡೆ ಸಮುದ್ರ ಪಕ್ಕದಲ್ಲೇ ಬರುತ್ತೆ, ಬಲಗಡೆ ಬೆಟ್ಟ. ಗವಿಯೋಟಾ ಹತ್ತಿರ ರಸ್ತೆ ಥಟ್ಟನೆ ಉತ್ತರಕ್ಕೆ ತಿರುಗಿ ಒಂದು ಸುರಂಗದೊಳಗೆ ನುಗ್ಗುತ್ತೆ. ಅಲ್ಲಿವರೆಗೆ ಮಂಜು, ಕಿಟಕಿ ತೆಗೆದರೆ ಚಳಿ. ಸ್ವಲ್ಪ ದೂರ ಹೋದರೆ ಬಿಸಿಲು, ಒಣ ಹುಲ್ಲಿನ ಗುಡ್ಡ, ಓಕ್ ಮರ. ಅಮ್ಮ "ಇದೇನೋ ಅರಸೀಕೆರೆ ದಾಟಿದ ಹಾಗಾಯ್ತು" ಅಂದರು. ಬ್ಯುವೆಲ್ಟನ್‌ನಲ್ಲಿ 246 ರಸ್ತೆಗೆ ತಿರುಗಿ ಮೂರು ಮೈಲಿ ಹೋದರೆ ಸೋಲ್ವಾಂಗ್, ಡೇನ್ಮಾರ್ಕ್ ಮೂಲದವರು ಕಟ್ಟಿದ ಊರು.

ಊರು ಹೇಗಿದೆ ಅಂದರೆ, ಬಿಳಿ ಗೋಡೆ, ಅದರ ಮೇಲೆ ಕಪ್ಪು ಮರದ ಪಟ್ಟಿ, ಇಳಿಜಾರು ಸೂರು, ಸೂರಿನ ಮೇಲೆ ಮರದ ಕೊಕ್ಕರೆ. ಕೊಕ್ಕರೆ ಕೂತರೆ ಮನೆಗೆ ಒಳ್ಳೆಯದಂತೆ. ಅಲ್ಲಲ್ಲಿ ಗಾಳಿಗಿರಣಿ. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಕಥೆಯ ಮತ್ಸ್ಯಕನ್ಯೆಯ ಸಣ್ಣ ಪ್ರತಿಮೆ. ಕೋಪನ್‌ಹೇಗನ್ನಿನ ದುಂಡು ಗೋಪುರದ ನಕಲು, ಮೂಲದ ಮೂರನೇ ಒಂದರಷ್ಟು ಗಾತ್ರದ್ದು. ನನ್ನ ಮಗಳಿಗೆ ಒಂಬತ್ತು ವರ್ಷ, ಅವಳಿಗೆ ಸ್ವರ್ಗ. ಅಪ್ಪನಿಗೆ ಹತ್ತು ನಿಮಿಷಕ್ಕೇ ಸಾಕಾಯಿತು. "ಸಿನಿಮಾ ಸೆಟ್ ಇದ್ದ ಹಾಗಿದೆ, ಜನ ಎಲ್ಲಿದ್ದಾರೆ?" ಅಂತ ಕೇಳಿ ಬೆಂಚಿನ ಮೇಲೆ ಕೂತುಬಿಟ್ಟರು.

ಆಮೇಲೆ ನಡೆದದ್ದು ಮುಖ್ಯ. ರಸ್ತೆ ಬದಿ ಒಂದು ಹೋಟೆಲ್ ಕಿಟಕಿಯಲ್ಲಿ ಒಬ್ಬಾಕೆ ದೊಡ್ಡ ಕಬ್ಬಿಣದ ಹಂಚಿನ ಗುಳಿಗಳಿಗೆ ಹಿಟ್ಟು ಸುರಿದು, ಕಡ್ಡಿಯಲ್ಲಿ ಚಕಚಕ ತಿರುಗಿಸುತ್ತಿದ್ದಳು. ಅಮ್ಮ ನಿಂತಲ್ಲೇ ನಿಂತರು. "ಲೋ, ಇದು ಪಡ್ಡು ಅಲ್ವೇನೋ!" ಹೌದು ಅಮ್ಮ, ಪಡ್ಡೇ. ಇವರು ಆಬ್ಲೆಸ್ಕಿವರ್ ಅನ್ನುತ್ತಾರೆ. ಗೋಧಿ ಹಿಟ್ಟು, ಮಜ್ಜಿಗೆ, ಮೊಟ್ಟೆ ಹಾಕಿ ಮಾಡಿ, ಮೇಲೆ ರಾಸ್ಪ್‌ಬೆರಿ ಜಾಮ್, ಸಕ್ಕರೆ ಪುಡಿ. ಮೊಟ್ಟೆ ಅಂದ ತಕ್ಷಣ ಅಮ್ಮ ತಿನ್ನಲಿಲ್ಲ, ಆದರೆ ಇಪ್ಪತ್ತು ನಿಮಿಷ ಕಿಟಕಿ ಬಿಟ್ಟು ಕದಲಲೂ ಇಲ್ಲ. ಆಮೇಲೆ ಪಕ್ಕದ ಅಂಗಡಿಯಲ್ಲಿ ಅದೇ ಹಂಚು ಮಾರುವುದು ಕಂಡಿತು, ಬೀಡು ಕಬ್ಬಿಣ, ಏಳು ಗುಳಿ. ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು. ಊರಿಂದ ಬರುವಾಗ ಸೂಟ್‌ಕೇಸ್ ತೂಕ ಜಾಸ್ತಿ ಆಗುತ್ತೆ ಅಂತ ಪಡ್ಡಿನ ಹಂಚನ್ನು ಕೊನೇ ಗಳಿಗೆಯಲ್ಲಿ ತೆಗೆದಿಟ್ಟಿದ್ದರು ಪಾಪ. ಡೇನ್ಮಾರ್ಕಿನವರ ಊರಲ್ಲಿ ಸಿಕ್ಕಿತು.

ಮಧ್ಯಾಹ್ನ ಲಾಸ್ ಒಲಿವೋಸ್‌ಗೆ ಹೋದೆವು, ಹತ್ತೇ ನಿಮಿಷದ ದಾರಿ. ಊರು ಪುಟ್ಟದು, ನಡುವೆ ಒಂದು ಧ್ವಜಸ್ತಂಭ, ಸುತ್ತ ವೈನ್ ರುಚಿ ನೋಡುವ ಅಂಗಡಿಗಳು. ನನ್ನ ಹೆಂಡತಿಗೂ ನನಗೂ ಆಸೆ ಇತ್ತು. ಹಿಂದೆ ಒಂದು ಕಡೆ ಅಂಗಡಿಯವರು, ಕುಡಿಯದೆ ಸುಮ್ಮನೆ ಕೂರುವ ವಯಸ್ಸಾದವರಿಗೂ ತಲೆಗೆ ಇಷ್ಟು ಅಂತ ದುಡ್ಡು ಕೇಳಿದ್ದರು, ಜಗಳ ಆಡಿ ಎದ್ದು ಬಂದಿದ್ದೆವು. ಈ ಸಲ ಮೊದಲೇ ಫೋನ್ ಮಾಡಿ ಕೇಳಿಕೊಂಡೆ. ಇಬ್ಬರ ಮಧ್ಯೆ ಒಂದೇ ಸೆಟ್ ತೆಗೆದುಕೊಂಡೆವು, ಐದು ಬಗೆ, ಒಂದೊಂದರಲ್ಲಿ ಎರಡು ಗುಟುಕು. ಅಪ್ಪ-ಅಮ್ಮ ಹೊರಗೆ ಮರದ ನೆರಳಲ್ಲಿ ಕೂತು ನಾವು ಒಯ್ದಿದ್ದ ಚಿತ್ರಾನ್ನ ತಿಂದರು, ಯಾರೂ ಏನೂ ಅನ್ನಲಿಲ್ಲ.

ಮರುದಿನ ಮಿಷನ್ ಸಾಂಟಾ ಇನೆಸ್ ಚರ್ಚು, ಎಲ್ವರ್‌ಹೋಯ್ ಅನ್ನುವ ಸಣ್ಣ ಸಂಗ್ರಹಾಲಯ, ಆಮೇಲೆ 154 ರಸ್ತೆಯಲ್ಲಿ ಕಚೂಮಾ ಜಲಾಶಯ ನೋಡಿಕೊಂಡು ಘಾಟಿ ಇಳಿದು ವಾಪಸ್. ಸಂಗ್ರಹಾಲಯದಲ್ಲಿ ಅಪ್ಪ ಎರಡು ಗಂಟೆ ಕಳೆದರು, ಅದನ್ನು ಆಮೇಲೆ ಬರೆಯುತ್ತೇನೆ, ಮಗಳನ್ನು ಈಜಿಗೆ ಬಿಡಬೇಕು.

---

ಕಪ್ಪೆರಾಯ

ಪಡ್ಡಿನ ಭಾಗ ಓದಿ ಹೊಟ್ಟೆ ಹಸಿಯಿತು ಗುರು. ಆದರೆ ನಿಮ್ಮಪ್ಪ ಹೇಳಿದ್ದೇ ಸರಿ. ನಾನು ಎರಡು ಸಲ ಹೋಗಿದ್ದೇನೆ. ಫ್ರಿಜ್‌ಗೆ ಅಂಟಿಸುವ ಆಯಸ್ಕಾಂತ, ಮರದ ಪಾದರಕ್ಷೆ, ಮಿಠಾಯಿ. ಗಿರಣಿಯಲ್ಲಿ ಒಂದು ಹಿಡಿ ಹಿಟ್ಟೂ ಬೀಸುವುದಿಲ್ಲ. ಪ್ರವಾಸಿಗರ ಜೇಬು ಖಾಲಿ ಮಾಡಲು ಕಟ್ಟಿದ ಊರು ಅಷ್ಟೆ. ಅಲ್ಲಿಗೆ ಹೋಗುವ ಬದಲು ನೇರ ತೋಟಗಳಿಗೆ ಹೋಗಿ.

---

ಸೂಜಿಡಬ್ಬಿ (ವೆಂಚುರಾ)

ಕಪ್ಪೆರಾಯರೇ, ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ನಾನು ಅಲ್ಲಿಂದ ಒಂದೂವರೆ ಗಂಟೆ ದೂರದಲ್ಲಿದ್ದೇನೆ, ಊರಿಂದ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ಹೋಗಿ ಆ ಊರಿನ ಕಥೆ ಬಾಯಿಪಾಠ ಆಗಿದೆ.

ಆ ಗಿರಣಿ, ಕೊಕ್ಕರೆ, ಪಟ್ಟಿ ಗೋಡೆ ಎಲ್ಲ ಆಮೇಲಿನ ವೇಷ. ಊರು ಹುಟ್ಟಿದ್ದು 1911ರಲ್ಲಿ. ಬೆನೆಡಿಕ್ಟ್ ನೋರ್ಡೆಂಟಾಫ್ಟ್, ಯೆನ್ಸ್ ಗ್ರೆಗರ್ಸೆನ್, ಪೇಡರ್ ಹಾರ್ನ್‌ಸಿಲ್ಡ್ ಅಂತ ಮೂವರು. ಮೂವರೂ ಡೇನಿಶ್ ಲೂಥರನ್ ಚರ್ಚಿನ ಕಡೆಯವರು. ನೋರ್ಡೆಂಟಾಫ್ಟ್ ಅದಕ್ಕೂ ಮುಂಚೆ ಅಯೋವಾದಲ್ಲಿ ಡೇನ್‌ಗಳ ಕಾಲೇಜೊಂದರ ಮುಖ್ಯಸ್ಥ. ಡೇನ್ಮಾರ್ಕಿನಿಂದ ನೇರ ಇಲ್ಲಿಗೆ ಹಡಗಿಳಿದವರು ಇವರಲ್ಲ, ಮೊದಲು ಅಯೋವಾ, ನೆಬ್ರಾಸ್ಕಾ ಕಡೆ ನೆಲೆಸಿದ್ದವರು ಚಳಿಗೆ ಬೇಸತ್ತು, ಮಕ್ಕಳು ಚದುರಿಹೋಗುತ್ತಿದ್ದಾರೆ ಅಂತ ಹೆದರಿ, ಒಂದು ಕಡೆ ಒಟ್ಟಿಗೆ ಇರೋಣ ಅಂತ ಹೊರಟವರು. ಹಳೇ ಮಿಷನ್ ಚರ್ಚಿನ ಪಕ್ಕ ಸುಮಾರು 9,000 ಎಕರೆ ಜಮೀನು ಕೊಂಡು, ಹಂಚಿ ಮಾರಿದರು. ಸೋಲ್ವಾಂಗ್ ಅಂದರೆ ಬಿಸಿಲ ಬಯಲು. ಬಂದ ವರ್ಷವೇ ಶಾಲೆ ಶುರು. ಹೊಲ ಇನ್ನೂ ಉತ್ತಿರಲಿಲ್ಲ, ಶಾಲೆ ನಡೆಯುತ್ತಿತ್ತು!

ಆಗಿನ ಫೋಟೋ ನೋಡಿದರೆ ಯಾವುದೋ ಸಾಧಾರಣ ಕ್ಯಾಲಿಫೋರ್ನಿಯಾ ಹಳ್ಳಿ. ಮರದ ಅಂಗಡಿ, ದೂಳು ರಸ್ತೆ. ಬೀನ್ಸ್ ಬೆಳೆಯುವುದು, ಹಾಲು ಕರೆಯುವುದು. ಡೇನ್ಮಾರ್ಕ್ ಇದ್ದದ್ದು ಮನೆಯೊಳಗೆ, ಶಾಲೆಯೊಳಗೆ, ಹಾಡಿನಲ್ಲಿ. 1936ರಲ್ಲಿ ಊರಿಗೆ 25 ತುಂಬಿದಾಗ ಹಬ್ಬ ಮಾಡಿದರು, ಅದೇ ಈಗ ಸೆಪ್ಟೆಂಬರಿನಲ್ಲಿ ನಡೆಯುವ ಡೇನಿಶ್ ಡೇಸ್. 1947ರ ಜನವರಿಯಲ್ಲಿ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಊರಿನ ಮೇಲೆ ದೊಡ್ಡ ಲೇಖನ ಬಂತು. ಓದಿದ ಜನ ಕಾರು ಹತ್ತಿ ಬಂದರು, ಬಂದರೆ ನೋಡುವುದಕ್ಕೆ ಏನೂ ಇಲ್ಲ! ಫರ್ಡಿನಾಂಡ್ ಸೋರೆನ್ಸನ್ ಅನ್ನುವವರು ಆ ಹೊತ್ತಿಗೆ ಡೇನ್ಮಾರ್ಕಿಗೆ ಹೋಗಿಬಂದು ತಮ್ಮ ಮನೆಯನ್ನು ಅಲ್ಲಿನ ಹಾಗೆ ಕಟ್ಟಿ ಪಕ್ಕ ಗಾಳಿಗಿರಣಿ ನಿಲ್ಲಿಸಿದ್ದರು. ಉಳಿದವರೂ ಒಬ್ಬೊಬ್ಬರಾಗಿ ಅಂಗಡಿ ಮುಂಭಾಗಕ್ಕೆ ಪಟ್ಟಿ ಬಡಿದರು.

ನನಗೆ ಇದನ್ನು ಸುಳ್ಳು ಅನ್ನಲು ಮನಸ್ಸು ಬರುವುದಿಲ್ಲ. ಬೇರೆಯವರು ಕಟ್ಟಿದ ಥೀಮ್ ಪಾರ್ಕ್ ಅಲ್ಲ ಅದು, ಅದೇ ಊರಿನವರು ತಮ್ಮ ಅಂಗಡಿಗೆ ತಾವೇ ಹಾಕಿಕೊಂಡ ವೇಷ. ಡೇನ್ಮಾರ್ಕಿನ ಆಗಿನ ರಾಣಿ ಮಾರ್ಗ್ರೇಥೆ 1976ರಲ್ಲಿ ಬಂದು ನೋಡಿ ಹೋದರು.

ಬೆಥಾನಿಯಾ ಚರ್ಚಿಗೆ ಹೋದಿರಾ? 1928ರದ್ದು. ಒಳಗೆ ಸೂರಿನಿಂದ ಒಂದು ಪುಟ್ಟ ಹಾಯಿಹಡಗು ನೇತಾಡುತ್ತಿರುತ್ತೆ. ಡೇನ್ಮಾರ್ಕಿನ ಚರ್ಚುಗಳ ರೂಢಿ ಅದು. ಅಂಗಡಿ ಬೀದಿಯಲ್ಲಿ ಕಾಲು ನೋಯಿಸಿಕೊಳ್ಳುವವರು ಅದನ್ನು ನೋಡುವುದೇ ಇಲ್ಲ.

---

ಕಪ್ಪೆರಾಯ

ಸರಿ ಮೇಡಂ, ಅರ್ಧ ವಾಪಸ್ ತಗೊಂಡೆ. ಆದರೆ ನಿಮ್ಮ ಹೆಸರು ಸೂಜಿಡಬ್ಬಿ ಯಾಕೆ?

---

ಸೂಜಿಡಬ್ಬಿ

ನೀಲಿ ಬಣ್ಣದ ಡೇನಿಶ್ ಬಿಸ್ಕೆಟ್ ಡಬ್ಬಿ ನೆನಪಿದೆಯಾ? ಯಾರೋ ವಿದೇಶದಿಂದ ತಂದುಕೊಟ್ಟದ್ದು. ಮುಚ್ಚಳ ತೆಗೆದರೆ ಬಿಸ್ಕೆಟ್ ಬದಲು ಸೂಜಿ, ದಾರ, ಗುಂಡಿ, ಮುರಿದ ಹುಕ್ಕು. ನಮ್ಮಜ್ಜಿ ಮನೆಯಲ್ಲಿತ್ತು. ನನ್ನ ಹತ್ತಿರವೂ ಒಂದಿದೆ, ಅದರಲ್ಲೂ ಸೂಜಿಯೇ.

---

ಚಪ್ಪರದಡಿ (ಸ್ಯಾನ್ ಹೋಸೆ, ಮೂಲ ದೊಡ್ಡಬಳ್ಳಾಪುರ)

ಶೀರ್ಷಿಕೆಯಲ್ಲೇ ವೈನ್ ಅಂತ ಹಾಕಿ ದ್ರಾಕ್ಷಿ ಬಗ್ಗೆ ಯಾರೂ ಬರೆಯದಿದ್ದರೆ ಹೇಗೆ? ನಮ್ಮದು ದ್ರಾಕ್ಷಿ ತೋಟದ ಮನೆ, ಹಾಗಾಗಿ ನಾನು ಅಲ್ಲಿಗೆ ಹೋದರೆ ಲೋಟ ನೋಡುವುದಕ್ಕಿಂತ ಸಾಲು ನೋಡುವುದೇ ಜಾಸ್ತಿ.

ಆ ಕಣಿವೆಯ ಗುಟ್ಟು ಬೆಟ್ಟದ ದಿಕ್ಕಿನಲ್ಲಿದೆ. ಕ್ಯಾಲಿಫೋರ್ನಿಯಾ ಕರಾವಳಿಯ ಬೆಟ್ಟಸಾಲು ಹೆಚ್ಚಿನ ಕಡೆ ಉತ್ತರ-ದಕ್ಷಿಣ, ಸಮುದ್ರಕ್ಕೆ ಗೋಡೆ ಕಟ್ಟಿದ ಹಾಗೆ. ಇಲ್ಲಿ ಮಾತ್ರ ಪೂರ್ವ-ಪಶ್ಚಿಮ. ಪಡುವಣ ಕಡೆ ಬಾಗಿಲು ತೆರೆದಿಟ್ಟ ಹಾಗೆ. ಪೆಸಿಫಿಕ್ ಮಂಜು, ತಣ್ಣನೆ ಗಾಳಿ ಸಂಜೆಯಾದರೆ ಸೀದಾ ಒಳಗೆ. ಸಮುದ್ರದಿಂದ ಒಂದು ಮೈಲಿ ಒಳಗೆ ಬಂದರೆ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಏರುತ್ತೆ ಅಂತ ಅಲ್ಲಿನ ಬೆಳೆಗಾರರ ಲೆಕ್ಕ. ಅದಕ್ಕೇ ಒಂದೇ ಕಣಿವೆಯಲ್ಲಿ ಪಶ್ಚಿಮದ ಸಾಂಟಾ ರೀಟಾ ಹಿಲ್ಸ್ ಕಡೆ ಚಳಿ ಇಷ್ಟಪಡುವ ಪಿನೋ ನುವಾರ್, ಶಾರ್ಡೊನೆ, ನಡುವೆ ಬಲ್ಲಾರ್ಡ್ ಕ್ಯಾನ್ಯನ್‌ನಲ್ಲಿ ಸಿರಾ, ಪೂರ್ವದ ತುದಿ ಹ್ಯಾಪಿ ಕ್ಯಾನ್ಯನ್‌ನಲ್ಲಿ ಬಿಸಿಲು ಬೇಕಾದ ಕ್ಯಾಬರ್ನೆ ಸೊವಿನ್ಯೋಂ. ಅರ್ಧ ಗಂಟೆ ಕಾರಿನಲ್ಲಿ ಹೋದರೆ ಹವೆಯೇ ಬೇರೆ. ಹ್ಯಾಪಿ ಕ್ಯಾನ್ಯನ್ ಅಂತ ಹೆಸರು ಬಂದದ್ದು ಪಾನನಿಷೇಧದ ಕಾಲದಲ್ಲಿ ಅಲ್ಲಿ ಕಳ್ಳಬಟ್ಟಿ ಸಿಗುತ್ತಿತ್ತು, ಹೋದವರು ಖುಷಿಯಾಗಿ ಬರುತ್ತಿದ್ದರು ಅಂತ ಊರಿನವರು ಕಥೆ ಹೇಳುತ್ತಾರೆ.

ಹಳೇ ಕಾಲದಲ್ಲಿ ದ್ರಾಕ್ಷಿ ತಂದವರು ಸ್ಪೇನಿನ ಪಾದ್ರಿಗಳು, ಪೂಜೆಗೆ ವೈನ್ ಬೇಕಲ್ಲ. ಆ ತಳಿಗೆ ಮಿಷನ್ ಅಂತಲೇ ಹೆಸರು. 1920ರಿಂದ 1933ರವರೆಗಿನ ಪಾನನಿಷೇಧ ಎಲ್ಲವನ್ನೂ ಗುಡಿಸಿಹಾಕಿತು. ಈಗ ಕಾಣುವುದು ಅರವತ್ತು, ಎಪ್ಪತ್ತರ ದಶಕದ ಮರುಹುಟ್ಟು. ರಿಚರ್ಡ್ ಸ್ಯಾನ್‌ಫೋರ್ಡ್, ಮೈಕೆಲ್ ಬೆನೆಡಿಕ್ಟ್ ಸೇರಿ 1971ರಲ್ಲಿ ಆ ಚಳಿ ಕಡೆ ತೋಟ ಹಾಕಿದಾಗ ಅಲ್ಲಿ ಪಿನೋ ಬೆಳೆಯಬಹುದು ಅಂತ ಯಾರಿಗೂ ಖಾತ್ರಿ ಇರಲಿಲ್ಲ. ಕಣಿವೆಗೆ ಪ್ರತ್ಯೇಕ ವೈನ್ ಪ್ರದೇಶ ಅಂತ ಸರ್ಕಾರಿ ಗುರುತು ಸಿಕ್ಕಿದ್ದು 1983ರಲ್ಲಿ. 2004ರಲ್ಲಿ ಅಲ್ಲೇ ತೆಗೆದ ಒಂದು ಹಾಲಿವುಡ್ ಚಿತ್ರ ಬಂದ ಮೇಲೆ ಜಾತ್ರೆ. ಅದರ ನಾಯಕನಿಗೆ ಪಿನೋ ಪ್ರಾಣ, ಮೆರ್ಲೋ ಕಂಡರೆ ಆಗದು. ಮಜಾ ಏನೆಂದರೆ ಅವನು ಜೋಪಾನ ಮಾಡಿ ಇಟ್ಟುಕೊಂಡ ದುಬಾರಿ ಫ್ರೆಂಚ್ ಬಾಟಲಿಯೊಳಗೆ ಇದ್ದದ್ದರಲ್ಲಿ ಮೆರ್ಲೋನೂ ಒಂದು.

ನಮ್ಮ ತಂದೆಯನ್ನು ಒಂದು ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಅವರ ಮೊದಲ ಪ್ರಶ್ನೆ, "ಚಪ್ಪರ ಎಲ್ಲಿ?" ನಮ್ಮಲ್ಲಿ ಕಲ್ಲುಕಂಬ ನಿಲ್ಲಿಸಿ ತಲೆ ಮೇಲೆ ಚಪ್ಪರ ಹಬ್ಬಿಸುತ್ತೇವೆ, ಗೊಂಚಲು ಕೆಳಗೆ ನೇತಾಡುತ್ತೆ. ಅವರದ್ದು ಸೊಂಟದ ಎತ್ತರಕ್ಕೆ ತಂತಿ, ಬಳ್ಳಿ ನೆಟ್ಟಗೆ ಮೇಲಕ್ಕೆ, ಸಾಲು ಬಾಚಿದ ಹಾಗೆ. ಎರಡನೇ ಪ್ರಶ್ನೆ, ಕಾಯಿ ಗೊಂಚಲನ್ನು ಯಾಕೆ ಕತ್ತರಿಸಿ ನೆಲಕ್ಕೆ ಬೀಳಿಸಿದ್ದಾರೆ? ಉಳಿದದ್ದರಲ್ಲಿ ರುಚಿ ಗಟ್ಟಿಯಾಗಲಿ ಅಂತ. ತಂದೆಗೆ ಇದು ಜೀರ್ಣವೇ ಆಗಲಿಲ್ಲ. ನಮ್ಮದು ಬೆಂಗಳೂರು ನೀಲಿ, ವರ್ಷಕ್ಕೆ ಎರಡು ಬೆಳೆ, ಹೆಚ್ಚು ಕಾಯಿ ಬಿಟ್ಟಷ್ಟೂ ಸಂತೋಷ. ಅವರದ್ದು ಚಳಿಗಾಲವೆಲ್ಲ ಮಲಗಿ, ಮಾರ್ಚ್ ಸುಮಾರಿಗೆ ಚಿಗುರಿ, ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ ಒಂದೇ ಕೊಯ್ಲು.

ಇನ್ನೊಂದು ಮಾತು. ಬೆಂಗಳೂರು ನೀಲಿ ಅಂತ ನಾವು ಎದೆ ತಟ್ಟಿಕೊಳ್ಳುವ ಹಣ್ಣು ಅಸಲಿಗೆ ಇಸಬೆಲ್ಲಾ ಅನ್ನುವ ಅಮೆರಿಕದ ತಳಿ. ಅಮೆರಿಕದ ದ್ರಾಕ್ಷಿ ದೇವನಹಳ್ಳಿ ಸೇರಿತು, ಯುರೋಪಿನ ದ್ರಾಕ್ಷಿ ಕ್ಯಾಲಿಫೋರ್ನಿಯಾ ಸೇರಿತು. ತಂದೆಗೆ ಹೇಳಿದೆ, ನಂಬಲಿಲ್ಲ.

---

ಗೌರಿಹಬ್ಬ

ವೈನ್ ಸಸ್ಯಾಹಾರಿನಾ? ನಮ್ಮ ಅತ್ತೆ ಕೇಳಿದ್ದರು, ನಾನು ಹೌದು ಅಂದುಬಿಟ್ಟೆ.

---

ಚಪ್ಪರದಡಿ

ಯಾವಾಗಲೂ ಅಲ್ಲ ಅಕ್ಕ. ವೈನ್ ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಇಲ್ಲವೇ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕುತ್ತಾರೆ. ಅದು ಗಸಿಯ ಜೊತೆ ಕೆಳಗಿಳಿಯುತ್ತೆ, ಆದರೂ ಹಾಕಿದ್ದು ಹಾಕಿದ್ದೇ. ಬೆಂಟೊನೈಟ್ ಅನ್ನುವ ಜೇಡಿಮಣ್ಣು ಬಳಸುವವರೂ ಇದ್ದಾರೆ, ಏನೂ ಹಾಕದೆ ಬಿಡುವವರೂ ಇದ್ದಾರೆ. ಸುಮ್ನೆ ಕೇಳಿ, ಬೇಜಾರು ಮಾಡಿಕೊಳ್ಳದೆ ಹೇಳುತ್ತಾರೆ. ಅತ್ತೆಯವರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಹಾಗೇ, ಮೂರು ಅಂಗಡಿಗಿಂತ ಜಾಸ್ತಿ ಬೇಡ. ಗುಟುಕು ಗುಟುಕೇ ಆದರೂ ಐದೈದು ಬಗೆ ಮೂರು ಕಡೆ ಅಂದರೆ ಲೆಕ್ಕ ಹಾಕಿ. ಇಲ್ಲಿ ಗಾಡಿ ಓಡಿಸುವವರಿಗೆ ರಕ್ತದಲ್ಲಿ ಮದ್ಯದ ಮಿತಿ ಶೇಕಡಾ 0.08. ಮೇಜಿನ ಮೇಲೆ ಇಟ್ಟಿರುವ ಪಾತ್ರೆ ಉಗಿಯುವುದಕ್ಕೂ, ಉಳಿದದ್ದು ಸುರಿಯುವುದಕ್ಕೂ. ಸುರಿದರೆ ಯಾರೂ ಕೆಟ್ಟದಾಗಿ ನೋಡುವುದಿಲ್ಲ. ನಮ್ಮವರಿಗೆ ದುಡ್ಡು ಕೊಟ್ಟದ್ದು ಸುರಿಯಲು ಮನಸ್ಸೇ ಬರಲ್ಲ, ಅದೇ ಕಷ್ಟ.

---

ಸೈಕಲ್‌ಸವಾರ (ಓಡೆನ್ಸ, ಡೇನ್ಮಾರ್ಕ್)

ಆಂಡರ್ಸನ್ ಹುಟ್ಟಿದ ಊರಿನಿಂದ ಒಬ್ಬ ಹಾಸನದವನ ನಮಸ್ಕಾರ. ಏಳು ವರ್ಷದಿಂದ ಇಲ್ಲಿದ್ದೇನೆ. ಸೋಲ್ವಾಂಗ್ ಫೋಟೋ ಆಫೀಸಿನಲ್ಲಿ ತೋರಿಸಿದರೆ ಇಲ್ಲಿನವರು ನಗುತ್ತಾರೆ, ಅವರಿಗೆ ಅದು ಅಜ್ಜನ ಕಾಲದ ಡೇನ್ಮಾರ್ಕ್. ಇಲ್ಲಿ ಈಗ ಗಾಳಿಗಿರಣಿ ಅಂದರೆ ಸಮುದ್ರದಲ್ಲಿ ಸಾಲಾಗಿ ನಿಂತ ವಿದ್ಯುತ್ ಟರ್ಬೈನ್.

ಆಬ್ಲೆಸ್ಕಿವರ್ ವರ್ಷವಿಡೀ ತಿನ್ನುವುದಿಲ್ಲ ಇಲ್ಲಿ. ಕ್ರಿಸ್‌ಮಸ್ ತಿಂಗಳಲ್ಲಿ ಮಾತ್ರ, ಬಿಸಿ ಮಸಾಲೆ ವೈನ್ ಜೊತೆ. ಹೆಚ್ಚಿನವರು ಅಂಗಡಿಯಿಂದ ಹೆಪ್ಪುಗಟ್ಟಿದ ಪೊಟ್ಟಣ ತಂದು ಒಲೆಯಲ್ಲಿ ಬಿಸಿ ಮಾಡುತ್ತಾರೆ. ಹೆಸರಿನ ಅರ್ಥ ಸೇಬಿನ ಹೋಳು, ಹಿಂದೆ ಒಳಗೆ ಸೇಬು ಇಡುತ್ತಿದ್ದರಂತೆ, ಈಗ ಸೇಬು ಹೋಗಿ ಹೆಸರು ಉಳಿದಿದೆ. ಹಳೇ ಅಜ್ಜಿಯರು ತಿರುಗಿಸುವುದು ಹೆಣಿಗೆ ಸೂಜಿಯಲ್ಲಿ, ಸೂಜಿಡಬ್ಬಿಯವರಿಗೆ ಖುಷಿಯಾಗಬೇಕು. ಇನ್ನೊಂದು ತಮಾಷೆ, ಪ್ರಪಂಚವೆಲ್ಲ ಡೇನಿಶ್ ಅಂತ ಕರೆಯುವ ಬೇಕರಿ ತಿಂಡಿಗೆ ಇವರು ಇಡುವ ಹೆಸರು ವಿಯೆನ್ನಾ ಬ್ರೆಡ್.

ಸೋಲ್ವಾಂಗಿನ ಮೊದಲ ಶಾಲೆ ವಿಷಯ ಬಂತಲ್ಲ, ಅದು ಬೇರೆ ಥರದ ಶಾಲೆ. ಗ್ರುಂಡ್ಟ್‌ವಿ ಅನ್ನುವ ಪಾದ್ರಿ-ಕವಿಯೊಬ್ಬರು ಹತ್ತೊಂಬತ್ತನೇ ಶತಮಾನದಲ್ಲಿ ರೈತರ ಮಕ್ಕಳಿಗೆ ಅಂತ ಯೋಚಿಸಿದ್ದು. ಮೊದಲನೆಯದು 1844ರಲ್ಲಿ ರೋಡ್ಡಿಂಗ್ ಊರಲ್ಲಿ. ಹರೆಯದವರು ಬಂದು ಕೆಲವು ತಿಂಗಳು ಅಲ್ಲೇ ಉಳಿದು ಇತಿಹಾಸ ಕೇಳುವುದು, ಹಾಡುವುದು, ಚರ್ಚೆ ಮಾಡುವುದು. ಪರೀಕ್ಷೆ ಇಲ್ಲ, ಅಂಕ ಇಲ್ಲ. ಇವತ್ತಿಗೂ ಇಲ್ಲಿ ಅಂಥವು ಬಹಳ ಇವೆ, ಬೆಳಿಗ್ಗೆ ಎದ್ದು ಎಲ್ಲರೂ ಸೇರಿ ಹಾಡುತ್ತಾರೆ. ನಾನು ಒಂದು ವಾರದ ಬೇಸಿಗೆ ಶಿಬಿರಕ್ಕೆ ಹೋಗಿದ್ದೆ. ಭಾಷೆ ಅರ್ಧ ಬರುತ್ತಿರಲಿಲ್ಲ, ಹಾಡು ಬಂತು.

---

ಕಪ್ಪೆರಾಯ

ಪರೀಕ್ಷೆ ಇಲ್ಲದ ಶಾಲೆ ಇತ್ತು ಅಂತ ನಮ್ಮಪ್ಪನಿಗೆ ಮೂವತ್ತು ವರ್ಷ ಮುಂಚೆ ಯಾರಾದರೂ ಹೇಳಬಾರದಿತ್ತಾ.

---

ಮಳೆಗಾಲ (ತೀರ್ಥಹಳ್ಳಿ)

ಅದು ಪಡ್ಡು ಅಲ್ಲ ಮಾರಾಯ್ರೆ, ಗುಳಿಯಪ್ಪ.

---

ಗೌರಿಹಬ್ಬ

ಗುಂತಪೊಂಗಲು. ಕೋಲಾರಕ್ಕೆ ಬಂದು ಕೇಳಿ.

---

ಪಡುವಣಗಾಳಿ

ಇದಕ್ಕೆ ಬೇರೆ ಎಳೆ ಶುರು ಮಾಡಿ ದಯವಿಟ್ಟು, ಅಮ್ಮ ಹಿಂದೆ ನಿಂತು ಓದುತ್ತಿದ್ದಾರೆ, ಅವರು ಪಡ್ಡು ಪಕ್ಷ.

---

ಕಲ್ಲುಬೆಂಚು (ಲಾಂಪೋಕ್)

ನಾನು ಈ ಕಡೆಯೇ ಕೆಲಸ ಮಾಡುತ್ತೇನೆ, ಒಂದು ಬೇಸರ ಹೇಳಿಬಿಡುತ್ತೇನೆ. ಎಲ್ಲರೂ ಡೇನ್‌ಗಳ ಭಾಷೆ, ಡೇನ್‌ಗಳ ಶಾಲೆ ಅಂತ ಮಾತಾಡಿದಿರಿ. ಆ 9,000 ಎಕರೆ ಖಾಲಿ ಬಿದ್ದಿದ್ದ ಜಾಗ ಆಗಿರಲಿಲ್ಲ. ಚುಮಾಶ್ ಜನರ ನೆಲ ಅದು. ಸ್ಪೇನಿನವರು 1804ರಲ್ಲಿ ಮಿಷನ್ ಸಾಂಟಾ ಇನೆಸ್ ಕಟ್ಟಿದರು, ಕ್ಯಾಲಿಫೋರ್ನಿಯಾದ 21 ಮಿಷನ್‌ಗಳಲ್ಲಿ 19ನೆಯದು. ಕಮಾನಿನ ಸಾಲು ಚೆನ್ನಾಗಿದೆ, ಹೂದೋಟ ಚೆನ್ನಾಗಿದೆ. ಇಟ್ಟಿಗೆ ಹೊತ್ತವರು, ಹೊಲ ಉತ್ತವರು ಚುಮಾಶ್‌ಗಳು. 1812ರ ಭೂಕಂಪದಲ್ಲಿ ಕುಸಿದುಹೋದದ್ದನ್ನು ಮತ್ತೆ ಕಟ್ಟಿದವರೂ ಅವರೇ. 1824ರಲ್ಲಿ ಒಬ್ಬ ಚುಮಾಶ್ ಹುಡುಗನಿಗೆ ಸೈನಿಕರು ಹೊಡೆದದ್ದು ನೆಪವಾಗಿ ದಂಗೆ ಎದ್ದಿತು, ಇದೇ ಮಿಷನ್‌ನಲ್ಲಿ ಶುರುವಾಗಿ ಲಾ ಪುರಿಸಿಮಾ, ಸಾಂಟಾ ಬಾರ್ಬರಾವರೆಗೆ ಹಬ್ಬಿತು. ಸುತ್ತಾಡುವವರು ಹೆಚ್ಚಾಗಿ ಹತ್ತು ನಿಮಿಷ ಫೋಟೋ ತೆಗೆದು ಪೇಸ್ಟ್ರಿ ತಿನ್ನಲು ಓಡುತ್ತಾರೆ. ಆ ಚುಮಾಶ್‌ಗಳ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ಪಕ್ಕದ ಸಾಂಟಾ ಇನೆಜ್ ಊರಲ್ಲಿ, 1901ರಲ್ಲಿ ಗುರುತು ಮಾಡಿದ ಸಣ್ಣ ಮೀಸಲು ನೆಲದಲ್ಲಿ. ಪ್ರವಾಸಿಗರಿಗೆ ಗೊತ್ತಿರುವುದು ಅವರ ಕ್ಯಾಸಿನೋ ಒಂದೇ.

ಅವರ ಭಾಷೆ ಸಮಾಲ. ಮನೆಯಲ್ಲಿ ಕೇಳಿ ಕಲಿತವರು ಉಳಿದಿಲ್ಲ. ಹಳೇ ದಾಖಲೆ, ಟಿಪ್ಪಣಿ ಹಿಡಿದು ಈಗ ಮತ್ತೆ ಕಲಿಸುತ್ತಿದ್ದಾರೆ.

---

ಸೂಜಿಡಬ್ಬಿ

ಒಪ್ಪಿದೆ. ನಾನು ಬರೆಯಬೇಕಿತ್ತು, ಬಿಟ್ಟೆ. ಮುಂದಿನ ಸಲ ಯಾರನ್ನೇ ಕರೆದುಕೊಂಡು ಹೋದರೂ ಮಿಷನ್ನಿನಿಂದಲೇ ಶುರು ಮಾಡುತ್ತೇನೆ, ಹೇಗಿದ್ದರೂ ಬೀದಿಯ ತುದಿಯಲ್ಲೇ ಇದೆ.

---

ಪಡುವಣಗಾಳಿ

ಕಲ್ಲುಬೆಂಚು ಸರ್, ನಿಜ ಹೇಳಬೇಕೆಂದರೆ ನಾವೂ ಅಲ್ಲಿ ಅರ್ಧ ಗಂಟೆಯಲ್ಲಿ ಹೊರಗೆ ಬಂದೆವು. ಮಗಳು ಹಸಿವು ಅಂತ ರಗಳೆ.

ಈಗ ಅಪ್ಪನ ವಿಷಯ. ಅಪ್ಪ 34 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಎಲ್ವರ್‌ಹೋಯ್ ಒಬ್ಬ ಕಲಾವಿದ ದಂಪತಿ ಡೇನ್ಮಾರ್ಕಿನ ಹಳೇ ರೈತರ ಮನೆಯ ಹಾಗೆ ಕಟ್ಟಿಕೊಂಡಿದ್ದ ಮನೆ, 1988ರಲ್ಲಿ ಸಂಗ್ರಹಾಲಯ ಆಯಿತು. ಅಲ್ಲಿ ಆಟರ್‌ಡಾಗ್ ಕಾಲೇಜಿನ ಫೋಟೋಗಳಿವೆ. ಸೂಜಿಡಬ್ಬಿಯವರು ಹೇಳಿದ ಶಾಲೆಯೇ 1914ರಲ್ಲಿ ಗುಡ್ಡದ ಮೇಲೆ ದೊಡ್ಡ ಕಟ್ಟಡಕ್ಕೆ ಹೋದದ್ದು. ಫೋಟೋ ನೋಡಿ ಅಪ್ಪ ಎದ್ದು ಕೂತರು. ಬೀದಿಯಲ್ಲಿ ಸಿಗದ ಜನ ಅವರಿಗೆ ಇಲ್ಲಿ ಸಿಕ್ಕಿದರು. ಹುಡುಗ ಹುಡುಗಿಯರು ಸಾಲಾಗಿ ನಿಂತು ಕಸರತ್ತು ಮಾಡುವುದು, ಒಟ್ಟಿಗೆ ಕೂತಿರುವುದು. "ಈ ಶಾಲೆ ಈಗ ಎಲ್ಲಿ?" ಅಂತ ಕೇಳಿದರು. ಕಟ್ಟಡ ಇಲ್ಲ. ಆ ಜಾಗದಲ್ಲಿ ಈಗ ವಯಸ್ಸಾದವರ ವಸತಿ, ರಸ್ತೆಗೆ ಮಾತ್ರ ಆಟರ್‌ಡಾಗ್ ಹೆಸರು. ಅಪ್ಪನಿಗೆ ಅದನ್ನೂ ನೋಡಬೇಕು. ಹೋದೆವು. ಕಾರಿನಿಂದ ಇಳಿಯಲಿಲ್ಲ. ಸುಮ್ಮನೆ ನೋಡಿ, "ಬೇಕರಿ ನಾಲ್ಕಿವೆ, ಶಾಲೆ ಒಂದೂ ಇಲ್ಲ" ಅಂದರು. ಅಷ್ಟೇ. ಆಮೇಲೆ ಮನೆವರೆಗೂ ಮಾತಿಲ್ಲ, ಕಚೂಮಾ ಹತ್ತಿರ ನೀರು ಕಡಿಮೆಯಾಗಿದೆ ಅಂದದ್ದು ಬಿಟ್ಟರೆ.

ಮುಂದಿನ ಭಾನುವಾರ ಮಗಳ ಕನ್ನಡ ತರಗತಿಗೆ ತಾವೇ ಕರೆದುಕೊಂಡು ಹೋಗುತ್ತೇನೆ ಅಂದರು. ಹನ್ನೊಂದು ಮಕ್ಕಳು, ಬಾಡಿಗೆ ಕೋಣೆ. ಆ ದಿನ ಒತ್ತಕ್ಷರದ ಕಿರುಪರೀಕ್ಷೆ ಇತ್ತಂತೆ. ಕಲಿಸುವ ಮೇಡಂ ಹತ್ತಿರ ಅಪ್ಪ ಏನೋ ಮಾತಾಡಿ ಪರೀಕ್ಷೆ ಬಿಡಿಸಿದರು. ಜೀವಮಾನವಿಡೀ ಪ್ರಶ್ನೆಪತ್ರಿಕೆ ತೆಗೆದ ಮನುಷ್ಯ! ಒಂದು ಗಂಟೆ ಮಕ್ಕಳಿಂದ ಹಾಡಿಸಿದ್ದಾರೆ. ಕೆಲವು ಪೋಷಕರು ಹೀಗಾದರೆ ಬರೆಯಲು ಯಾವಾಗ ಕಲಿಯುತ್ತಾರೆ ಅಂತ ಗೊಣಗಿದರು, ಅದೂ ತಪ್ಪಲ್ಲ. ಮಗಳು ಮಾತ್ರ ಕಾರಿನಲ್ಲಿ ವಾರವಿಡೀ ಅದೇ ಹಾಡು, ಒತ್ತಕ್ಷರ ಎಲ್ಲ ತಪ್ಪು.

---

ಕಪ್ಪೆರಾಯ

ನಾನು ಒಂದು ಉಲ್ಟಾ ಮಾತು ಹೇಳಲಾ? ಆ ಡೇನ್‌ಗಳ ಮೊಮ್ಮಕ್ಕಳು ಚೆನ್ನಾಗೇ ಇದ್ದಾರೆ. ಭಾಷೆ ಹೋಯಿತು, ಏನಾಯಿತು? ನನ್ನ ಮಗನಿಗೆ ಕನ್ನಡ ಬರಲ್ಲ. ನನಗೆ ಬೇಜಾರಿದೆ, ಅವನಿಗಿಲ್ಲ. ಪಡ್ಡು ಹತ್ತು ತಿನ್ನುತ್ತಾನೆ.

---

ಸೈಕಲ್‌ಸವಾರ

ಹತ್ತು ತಿನ್ನುತ್ತಾನೆ ಸರಿ, ಅದನ್ನು ಏನಂತ ಕರೆಯುತ್ತಾನೆ?

---

ಕಪ್ಪೆರಾಯ

ಪಡ್ಡು ಅಂತಲೇ. ಸರಿ ಬಿಡಿ.

ಯಾರಾದರೂ ಹೇಳಿ, ಆ ಬೀಡಿನ ಹಂಚು ನಾನೂ ತಂದಿದ್ದೆ ಹೋದ ವರ್ಷ. ಹಿಟ್ಟು ಹಿಡಿದುಕೊಂಡು ಬಿಡುತ್ತೆ, ಪಡ್ಡು ಏಳುವುದೇ ಇಲ್ಲ. ಗರಾಜಿನಲ್ಲಿ ಬಿದ್ದಿದೆ.

---

ಪಡುವಣಗಾಳಿ

ಅಮ್ಮ ಹೇಳುತ್ತಿದ್ದಾರೆ, ಬರೆದುಕೊಳ್ಳಿ. ಮೊದಲು ತೊಳೆದು ಒರೆಸಿ ಸಣ್ಣ ಉರಿಯಲ್ಲಿ ಪೂರ್ತಿ ಒಣಗಿಸಬೇಕು. ಈರುಳ್ಳಿ ಅರ್ಧ ಹೆಚ್ಚಿ ಎಣ್ಣೆಗೆ ಅದ್ದಿ ಒಂದೊಂದು ಗುಳಿಯನ್ನೂ ಚೆನ್ನಾಗಿ ತಿಕ್ಕಬೇಕು, ಹೊಗೆ ಬರುವವರೆಗೆ ಕಾಯಿಸಿ ಆರಲು ಬಿಡಬೇಕು. ಹೀಗೆ ಮೂರ್ನಾಲ್ಕು ದಿನ. ಸೋಪು ಹಾಕಲೇಬಾರದು. ಹಿಟ್ಟು ದೋಸೆಯದ್ದೇ ಆಗುತ್ತೆ, ಸ್ವಲ್ಪ ಗಟ್ಟಿ ಇರಲಿ, ಈರುಳ್ಳಿ, ಹಸಿಮೆಣಸು, ಕೊಬ್ಬರಿ ಚೂರು. ಆ ಗುಳಿ ನಮ್ಮದಕ್ಕಿಂತ ದೊಡ್ಡದು, ಆದ್ದರಿಂದ ಮುಕ್ಕಾಲು ಮಾತ್ರ ತುಂಬಿ, ಉರಿ ಸಣ್ಣಗಿಟ್ಟು ಮುಚ್ಚಿ. ಇಲ್ಲದಿದ್ದರೆ ಹೊರಗೆ ಕರಕಲು, ಒಳಗೆ ಹಸಿ. ಮೊದಲ ಎರಡು ಸುತ್ತು ಏನು ಮಾಡಿದರೂ ಅಂಟುತ್ತೆ, ಕೆರೆದು ತೆಗೆದು ಮತ್ತೆ ಹುಯ್ಯಿ ಅನ್ನುತ್ತಿದ್ದಾರೆ.

---

ಮಳೆಗಾಲ

ಅಮ್ಮನಿಗೆ ನಮಸ್ಕಾರ ಹೇಳಿ. ಆದರೂ ಅದು ಗುಳಿಯಪ್ಪವೇ.